ಉಡುಪಿಯಿಂದ ಡೊಮೇನ್ ಮಾರುವವರಿಗೆ ಎಸ್ಕ್ರೋ ಡಾಟ್ ಕಾಮ್ ಹೇಗುಂಟು? ನಾಲ್ಕು ಮಾರಾಟ ಮಾಡಿ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಹೊರದೇಶದವರಿಗೆ ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಮಾರುವುದಾದರೆ ಎಸ್ಕ್ರೋ ಡಾಟ್ ಕಾಮ್ ಇಲ್ಲದೆ ನಾನು ಇನ್ನು ಒಂದು ಹೆಸರನ್ನೂ ಕೈಬಿಡುವುದಿಲ್ಲ. ಹೆಸರು ಕೊಂಡವರ ಕೈಗೆ ಸೇರುವವರೆಗೆ ಅವರ ಹಣವನ್ನು ನಡುವೆ ನಿಂತು ಹಿಡಿದಿಡುವ ಸೇವೆ ಇದು. ಇದರ ಮೂಲಕ ನಾಲ್ಕು ಮಾರಾಟ ಮಾಡಿದ್ದೇನೆ, ನಾಲ್ಕರ ಹಣವೂ ಕೈಗೆ ಬಂದಿದೆ. ಹಾಗಂತ ಎಲ್ಲ ವ್ಯವಹಾರಕ್ಕೂ ಇದು ಬೇಕು ಅಂತ ಇಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಪರ್ಕಳದಲ್ಲಿ, ಕೆಲಸ ಮಣಿಪಾಲದಲ್ಲಿ. ಡೊಮೇನ್ ವ್ಯಾಪಾರ ರಾತ್ರಿ ಊಟ ಆದ ಮೇಲೆ, ಆರು ವರ್ಷದಿಂದ. ಹೊಸಬರು ಮೊದಲು ತಿಳಿಯಬೇಕಾದದ್ದು ಏನೆಂದರೆ ಹೆಸರನ್ನು ಯಾರೂ ಪೂರ್ತಿಯಾಗಿ ಕೊಂಡುಕೊಳ್ಳುವುದಿಲ್ಲ, ವರ್ಷಕ್ಕೆ ಇಷ್ಟು ಅಂತ ಕಟ್ಟಿ ನಮ್ಮ ಹೆಸರಲ್ಲಿ ಇಟ್ಟುಕೊಳ್ಳುತ್ತೇವೆ. ಡಾಟ್ ಕಾಮ್ ಹೆಸರುಗಳನ್ನು ನೋಡಿಕೊಳ್ಳುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಒಂದು ಹೆಸರಿಗೆ ವರ್ಷಕ್ಕೆ 10.26 ಡಾಲರ್ ಮಾಡಿತು. ಅದರ ಮೇಲೆ ರಿಜಿಸ್ಟ್ರಾರ್, ಅಂದರೆ ನಮಗೆ ಹೆಸರು ನೋಂದಾಯಿಸಿ ಕೊಡುವ ಕಂಪನಿಯವರ ಲಾಭ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಮಾರಾಟ ಆಗಲಿ ಬಿಡಲಿ, ಕಟ್ಟಲೇಬೇಕು. ಮಲ್ಪೆಯಲ್ಲಿ ಮೀನಿನ ಏಲಂ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಲ್ಲಿ ಮೀನು ಅದೇ ದಿನ ಹೋಗಬೇಕು. ಇಲ್ಲಿ ಹೆಸರು ಹಾಳಾಗುವುದಿಲ್ಲ, ಆದರೆ ಐಸಿನ ಖರ್ಚು ಮಾತ್ರ ಪ್ರತಿ ವರ್ಷ ಬರುತ್ತಾ ಇರುತ್ತದೆ.

2014ರ ನವೆಂಬರ್ 1ಕ್ಕೆ ಮ್ಯಾಂಗಲೋರ್ ಹೋಗಿ ಮಂಗಳೂರು ಅಂತ ಸರ್ಕಾರಿ ಹೆಸರಾಯಿತಲ್ವಾ, ಹೊಸ ಕಾಗುಣಿತದಲ್ಲಿ ಇನ್ನೂ ತುಂಬಾ ಹೆಸರು ಖಾಲಿ ಇದ್ದವು. ಶುರುವಿನಲ್ಲಿ ನಾನು ತೆಗೆದ ನಲವತ್ತು ಹೆಸರುಗಳಲ್ಲಿ ಹೆಚ್ಚಿನವು ಇವೇ: ಮಂಗಳೂರು ಟ್ಯಾಕ್ಸಿ, ಮಂಗಳೂರು ಕ್ಯಾಟರಿಂಗ್ ಈ ತರದ್ದು. ಎರಡು ವರ್ಷದಲ್ಲಿ ಒಂದೂ ಹೋಗಲಿಲ್ಲ. ಇಲ್ಲಿನ ಅಂಗಡಿಯವರಿಗೆ ವಾಟ್ಸಾಪ್ ನಂಬರು ಮತ್ತು ಗೂಗಲ್ ಮ್ಯಾಪ್ ಸಾಕು. ಇನ್ನೊಂದು ದೊಡ್ಡ ಕಾರಣ ಕಾಗುಣಿತ. ಹೊಸ ಹೆಸರು ಬಂದರೂ ಜನ ಹಳೆಯದನ್ನೇ ಟೈಪ್ ಮಾಡುತ್ತಾರೆ. ಕುಂದಾಪುರ ಅಂತ ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಒಬ್ಬರು ಕೊನೆಗೆ ‘ಎ’ ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಫೋನಿನಲ್ಲಿ ಕೇಳಿ ಎರಡು ತರ ಬರೆಯುವಂಥ ಹೆಸರಿಗೆ ದುಡ್ಡು ಕೊಡುವವರು ತೀರಾ ಕಡಿಮೆ. ನನ್ನಿಂದ ಹೊರದೇಶಕ್ಕೆ ಹೋದ ಹೆಸರುಗಳೆಲ್ಲ ಸುಲಭವಾದ ಎರಡು ಇಂಗ್ಲಿಷ್ ಪದ ಸೇರಿದ ಡಾಟ್ ಕಾಮ್‌ಗಳೇ.

ಇನ್ನು ಎಸ್ಕ್ರೋ ಯಾಕೆ ಬೇಕಾಯಿತು ಅಂತ. ಮೂರನೇ ವರ್ಷ ನನ್ನ ಮೊದಲ ಗಿರಾಕಿ ಸಿಕ್ಕಿದರು. ಹೊರದೇಶದವರು, 300 ಡಾಲರ್‌ಗೆ ಮಾತಾಯಿತು. ಹಣ ಕಳಿಸಿದ್ದೇನೆ ಅಂತ ಬ್ಯಾಂಕಿನ ಒಂದು ಸ್ಕ್ರೀನ್‌ಶಾಟ್ ಕಳಿಸಿದರು, ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲಿಕ್ಕೆ ಬೇಕಾದ ಗುಟ್ಟಿನ ಸಂಕೇತ, ಆಥ್ ಕೋಡ್, ಕೊಡಿ ಅಂದರು. ಕೊಟ್ಟೆ. ಒಂದು ವಾರದಲ್ಲಿ ಹೆಸರು ಹೋಯಿತು, ಹಣ ಬರಲೇ ಇಲ್ಲ. ರಿಜಿಸ್ಟ್ರಾರ್‌ನವರಿಗೆ ಬರೆದರೆ, ಕೋಡ್ ನೀವೇ ಕೊಟ್ಟದ್ದು, ನಾವು ಏನೂ ಮಾಡಲಿಕ್ಕೆ ಆಗುವುದಿಲ್ಲ ಅಂದರು. ಆ ಕೋಡ್ ಅಂದರೆ ಮನೆಯ ಕೀಲಿಕೈ ಇದ್ದ ಹಾಗೆ, ಕೊಟ್ಟ ಮೇಲೆ ಬಾಗಿಲಲ್ಲಿ ನಿಂತು ಜಗಳ ಮಾಡಿ ಪ್ರಯೋಜನ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಣಕ್ಕಿಂತ ಜಾಸ್ತಿ ಬೇಸರ ಆ ಹೆಸರಿನದ್ದು, ಅದು ನನ್ನ ಹತ್ತಿರ ಇದ್ದ ಒಳ್ಳೆಯ ಹೆಸರುಗಳಲ್ಲಿ ಒಂದು.

ಎಸ್ಕ್ರೋ ನಮಗೆ ಹೊಸ ವಿಷಯ ಅಲ್ಲ ಮಾರಾಯ್ರೆ. ಜಾಗದ ವ್ಯವಹಾರದಲ್ಲಿ ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಕೈಯಲ್ಲಿ ಹಣ ಇಟ್ಟು, ರಿಜಿಸ್ಟ್ರಿ ಆದ ಮೇಲೆ ಕೊಡಿ ಅಂತಿದ್ದರಲ್ವಾ, ಅದೇ ಇದು. ಈ ಕಂಪನಿ 1999ರಿಂದ ಇದೇ ಕೆಲಸ ಮಾಡುತ್ತಿದೆ, 2015ರಿಂದ ಫ್ರೀಲಾನ್ಸರ್ ಕಂಪನಿಯ ಕೈಯಲ್ಲಿದೆ.

ನನ್ನ ಎರಡನೇ ಗಿರಾಕಿ ನೆದರ್‌ಲ್ಯಾಂಡ್ಸ್‌ನ ಒಬ್ಬ ಮಸಾಲೆ ವ್ಯಾಪಾರಿ. 1,800 ಡಾಲರ್‌ಗೆ ಒಪ್ಪಂದ ಆಯಿತು. ಅವರಿಗೂ ಹೆದರಿಕೆ, ಹಣ ಕೊಟ್ಟ ಮೇಲೆ ಉಡುಪಿಯಲ್ಲಿರುವ ಈ ಮನುಷ್ಯ ಹೆಸರು ಕೊಡದಿದ್ದರೆ ಅಂತ. ಎಸ್ಕ್ರೋ ಅಂದ ಕೂಡಲೇ ಇಬ್ಬರಿಗೂ ಸಮಾಧಾನ ಆಯಿತು. ನಾನು ಅಕೌಂಟ್ ಮಾಡಿ ಗುರುತಿನ ದಾಖಲೆ ಕೊಟ್ಟೆ. ಆಮೇಲೆ ವ್ಯವಹಾರದ ವಿವರ ತುಂಬಬೇಕು: ಯಾವ ಹೆಸರು, ಎಷ್ಟು ಹಣ, ಹೆಸರು ಸಿಕ್ಕ ಮೇಲೆ ಪರೀಕ್ಷಿಸಲಿಕ್ಕೆ ಕೊಂಡವರಿಗೆ ಎಷ್ಟು ದಿನ, ಸೇವೆಯ ಶುಲ್ಕ ಯಾರು ಕೊಡುವುದು. ಶುಲ್ಕ ಕೊಂಡವರು ಕೊಡಬಹುದು, ಮಾರಿದವರು ಕೊಡಬಹುದು, ಅರ್ಧ ಅರ್ಧವೂ ಮಾಡಬಹುದು. ನಾವು ಅರ್ಧ ಅರ್ಧ ಮಾಡಿದೆವು. ಇಬ್ಬರೂ ಒಪ್ಪಿದ ಮೇಲೆ ಅವರು ಹಣ ಕಟ್ಟಿದರು. ಹಣ ಬಂದಿದೆ, ಇನ್ನು ಹೆಸರು ಕಳಿಸಿ ಅಂತ ನನಗೆ ಸೂಚನೆ ಬಂತು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಇಮೇಲ್ ಬಂತು ಅಂತ ಅದರೊಳಗಿನ ಲಿಂಕ್ ಒತ್ತಬೇಡಿ. ಈ ಕಂಪನಿಯ ಹೆಸರು, ಬಣ್ಣ ಎಲ್ಲ ಕದ್ದು ನಕಲಿ ಸೈಟ್ ಮಾಡುವವರು ಇದ್ದಾರೆ. ಬೇರೆ ಯಾವುದೋ ಎಸ್ಕ್ರೋ ಸೈಟ್‌ನಲ್ಲೇ ಮಾಡೋಣ ಅಂತ ಹಟ ಹಿಡಿಯುವ ಗಿರಾಕಿಯನ್ನೂ ನಂಬಬೇಡಿ. ವಿಳಾಸ ನೀವೇ ಟೈಪ್ ಮಾಡಿ, ಲಾಗಿನ್ ಆಗಿ, ಹಣ ಬಂದಿದೆ ಅಂತ ಒಳಗೆ ಕಂಡ ಮೇಲೆ ಮಾತ್ರ ಹೆಸರು ಕಳಿಸಿ.

ಇಬ್ಬರ ಅಕೌಂಟೂ ಒಂದೇ ರಿಜಿಸ್ಟ್ರಾರ್‌ನಲ್ಲಿ ಇದ್ದರೆ ‘ಪುಷ್’ ಮಾಡಿದರೆ, ಅಂದರೆ ನಮ್ಮ ಅಕೌಂಟಿನಿಂದ ಅವರ ಅಕೌಂಟಿಗೆ ಹೆಸರು ದಾಟಿಸಿದರೆ ಆಯಿತು, ಕೆಲವೇ ನಿಮಿಷದ ಕೆಲಸ. ಬೇರೆ ರಿಜಿಸ್ಟ್ರಾರ್‌ಗೆ ಹೋಗಬೇಕಾದರೆ ಹೆಸರು ಕದಲದ ಹಾಗೆ ಹಾಕಿದ ಲಾಕ್ ತೆಗೆದು ಆಥ್ ಕೋಡ್ ಕೊಡಬೇಕು, ಅದಕ್ಕೆ ಐದಾರು ದಿನ ಹಿಡಿಯುತ್ತದೆ. ಹೊಸದಾಗಿ ತೆಗೆದ ಅಥವಾ ಬೇರೆ ಕಡೆಯಿಂದ ತಂದ ಹೆಸರು ಸಾಮಾನ್ಯವಾಗಿ 60 ದಿನ ಕದಲುವುದಿಲ್ಲ. ಇದು ಗೊತ್ತಿಲ್ಲದೆ ಮಾತು ಕೊಟ್ಟು ಒದ್ದಾಡುವವರನ್ನು ನೋಡಿದ್ದೇನೆ. ನೆದರ್‌ಲ್ಯಾಂಡ್ಸ್‌ನವರಿಗೆ ನಾನು ಪುಷ್ ಮಾಡಿದೆ, ಅವರು ಮರುದಿನ ನೋಡಿ ಒಪ್ಪಿಕೊಂಡರು, ಎಸ್ಕ್ರೋದವರು ಹಣ ಬಿಟ್ಟರು. ನಾನು ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ.

ತಡ ಆದದ್ದು ನಮ್ಮ ಕಡೆಯಲ್ಲಿ. ಇಲ್ಲಿನ ಒಂದು ಬ್ಯಾಂಕ್ ಶಾಖೆಯಲ್ಲಿ ಹಣ ನಾಲ್ಕು ದಿನ ಕೂತಿತು. ಹೊರದೇಶದಿಂದ ಬಂದ ಹಣಕ್ಕೆ ಯಾವ ಕಾರಣಕ್ಕೆ ಬಂತು ಅಂತ ಪರ್ಪಸ್ ಕೋಡ್ ಹೇಳಬೇಕು. ಡೊಮೇನ್ ಮಾರಿದ್ದು ಅಂದರೆ ಅಲ್ಲಿ ಯಾರಿಗೂ ತಲೆಗೆ ಹೋಗಲಿಲ್ಲ. ವೆಬ್‌ಸೈಟ್ ಮಾಡಿಕೊಟ್ಟದ್ದಾ, ಜಾಗ ಮಾರಿದ್ದಾ ಅಂತ ಕೇಳಿದರು. ಕೊನೆಗೆ ಎಸ್ಕ್ರೋ ಪುಟದ ಪ್ರಿಂಟ್, ಗಿರಾಕಿಯ ಇಮೇಲ್, ಹೆಸರು ನನ್ನದಾಗಿತ್ತು ಅನ್ನಲಿಕ್ಕೆ ರಿಜಿಸ್ಟ್ರಾರ್‌ನ ಬಿಲ್ಲು ಎಲ್ಲ ಹಿಡಿದು ಹೋದ ಮೇಲೆ ಸರಿಯಾಯಿತು. ಮೊದಲ ಸಲ ಮಾರುವವರು ಹಣ ಬರುವ ಮೊದಲೇ ಬ್ಯಾಂಕಿಗೂ ನಿಮ್ಮ ಸಿಎ ಹತ್ತಿರವೂ ಒಮ್ಮೆ ಹೋಗಿ ಬನ್ನಿ. ಈ ಆದಾಯವನ್ನು ತೆರಿಗೆ ಲೆಕ್ಕದಲ್ಲಿ ತೋರಿಸಲೇಬೇಕು.

ಇದು ಬೇಡವಾದ ಜಾಗವೂ ಉಂಟು. ಮಂಗಳೂರಿನ ಹೆಸರುಗಳಲ್ಲಿ ಕೊನೆಗೂ ಒಂದು ಹೋಯಿತು, ಅಲ್ಲಿಯದೇ ಒಬ್ಬ ಕ್ಯಾಟರಿಂಗ್‌ನವರಿಗೆ, 15,000 ರೂಪಾಯಿಗೆ. ಹಂಪನಕಟ್ಟೆಯ ಹತ್ತಿರ ಒಂದು ಹೋಟೆಲಿನಲ್ಲಿ ಕೂತು ಗೋಳಿಬಜೆ ತಿಂದು, ಅವರಿಗೆ ಅಲ್ಲೇ ಅಕೌಂಟ್ ಮಾಡಿಸಿ, ಹಣ ನನ್ನ ಖಾತೆಗೆ ಬಿದ್ದ ಕೂಡಲೇ ಪುಷ್ ಮಾಡಿದೆ. ಇದಕ್ಕೆ ಡಾಲರ್ ಲೆಕ್ಕದ ಎಸ್ಕ್ರೋ ಯಾಕೆ? ಮುಖ ನೋಡಿ ಮಾಡುವ ವ್ಯವಹಾರಕ್ಕೆ, ಸಣ್ಣ ಮೊತ್ತಕ್ಕೆ ಇದು ಬೇಡ. ಶುಲ್ಕ, ಬ್ಯಾಂಕಿನವರು ಹಿಡಿಯುವುದು, ಡಾಲರ್ ಬದಲಾಯಿಸುವಾಗ ಹೋಗುವುದು ಎಲ್ಲ ಸೇರಿದರೆ ಸಣ್ಣ ಮಾರಾಟದಲ್ಲಿ ಉಳಿಯುವುದು ಕಡಿಮೆ. ನನ್ನ ಲೆಕ್ಕದಲ್ಲಿ 500 ಡಾಲರ್‌ಗಿಂತ ಮೇಲಿದ್ದರೆ ಧೈರ್ಯವಾಗಿ ಬಳಸಿ.

ಎಸ್ಕ್ರೋ ಗಿರಾಕಿಯನ್ನು ಹುಡುಕಿ ಕೊಡುವುದಿಲ್ಲ, ಬೆಲೆಯನ್ನೂ ಹೇಳುವುದಿಲ್ಲ. ಗಿರಾಕಿಗೆ ಆಫ್ಟರ್ನಿಕ್, ಸೆಡೋ ತರದ ಮಾರುಕಟ್ಟೆಗಳಲ್ಲಿ ಹೆಸರು ಹಾಕಬೇಕು, ಅವರ ಕಮಿಷನ್ ಬೇರೆ. ಬೆಲೆಗೆ ನಾನು ನೇಮ್‌ಬಯೋದಲ್ಲಿ ಹಳೆಯ ಮಾರಾಟಗಳನ್ನು ನೋಡುತ್ತೇನೆ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋದದ್ದನ್ನು ಓದಿ ಈ ವ್ಯಾಪಾರಕ್ಕೆ ಬರುವವರು ಅಲ್ಲೇ ಕೂತು ಕೆಲವು ನೂರು ಡಾಲರಿನ ಮಾರಾಟಗಳನ್ನೂ ಓದಬೇಕು, ನಮಗೆ ಸಿಗುವುದು ಆ ಸಾಲಿನವು.

ಇನ್ನೊಂದು ವಿಷಯ. ಸಂಬಂಧಿಕರೊಬ್ಬರು ಒಂದು ಪ್ರಸಿದ್ಧ ಹೋಟೆಲಿನ ಹೆಸರು ಖಾಲಿ ಉಂಟು, ತೆಗೆದಿಟ್ಟು ಅವರಿಗೇ ಮಾರುವ ಅಂದರು. ನಾನು ಖಡಾಖಂಡಿತ ಬೇಡ ಅಂದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಹಾಗೆ ರಕ್ಷಣೆ ಉಂಟು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಬೇರೆಯವರು ಕಷ್ಟಪಟ್ಟು ಬೆಳೆಸಿದ ಹೆಸರನ್ನು ಹಿಡಿದಿಟ್ಟು ಹಣ ಕೇಳುವುದು ವ್ಯಾಪಾರ ಅಲ್ಲ. ಅಂಥ ಹೆಸರು ಕೈತಪ್ಪಿದರೆ ಯಾವ ಎಸ್ಕ್ರೋವೂ ಉಳಿಸಿಕೊಡುವುದಿಲ್ಲ.

ಎಸ್ಕ್ರೋ ಮೂಲಕ ನನ್ನ ಐದನೇ ವ್ಯವಹಾರ ಈಗ ನಡೆಯುತ್ತಾ ಉಂಟು. ಸಿಂಗಾಪುರದವರು, ಸೋಮವಾರ ಹಣ ಕಟ್ಟಿದರು, ನಿನ್ನೆ ರಾತ್ರಿ ಹೆಸರು ಕಳಿಸಿದೆ. ನೋಡಿ ಒಪ್ಪಲಿಕ್ಕೆ ಅವರಿಗೆ ಶುಕ್ರವಾರದವರೆಗೆ ಸಮಯ ಉಂಟು. ಈ ಸಲ ಬ್ಯಾಂಕಿಗೆ ಕಾಗದ ಮೊದಲೇ ಕೊಟ್ಟು ಬಂದಿದ್ದೇನೆ.