‘ಸರ್ಕಾರಿ ಪತ್ರ ಸಮೇತ ಸಾಮುರಾಯ್ ಕತ್ತಿ’ ಕೊಳ್ಳುವವರೇ, ತಡೆಯಿರಿ

ಅಮೆರಿಕದಲ್ಲಿರುವ ನಮ್ಮ ಸೋದರತ್ತೆ ಮಗ ಆನ್‌ಲೈನ್ ಹರಾಜಿನಲ್ಲಿ ಜಪಾನಿ ಕತ್ತಿಯೊಂದನ್ನು ಕೊಂಡು ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದಾನೆ. ಜಾಹೀರಾತು ಹೀಗಿತ್ತು: ಎದೋ ಕಾಲದ (1603–1868) ಕತಾನ, ಅಂದರೆ ಉದ್ದನೆಯ ಬಾಗು ಕತ್ತಿ, ಕೊತೆತ್ಸು ಎಂಬ ಸಹಿ ಇದೆ, ಜಪಾನ್ ಸರ್ಕಾರದ ಪತ್ರವಿದೆ, 1945ರಲ್ಲಿ ಅಮೆರಿಕನ್ ಸೈನಿಕರೊಬ್ಬರು ತಂದದ್ದು. ಕೊನೆಗೆ ಸಣ್ಣಕ್ಷರದಲ್ಲಿ, ‘ನಾನು ತಜ್ಞನಲ್ಲ, ಫೋಟೋ ನೋಡಿ ನೀವೇ ತೀರ್ಮಾನಿಸಿ.’ ಹಾವೂ ಸಾಯದ, ಕೋಲೂ ಮುರಿಯದ ಬರವಣಿಗೆ! ಆಮೇಲೆ ಜಗಳಕ್ಕೆ ನಿಂತಾಗ ಮಾರಿದ ಆಸಾಮಿ ಹೇಳಿದ್ದು ಇಷ್ಟೇ: ‘ಕೊತೆತ್ಸು ಮಾಡಿದ್ದು ಅಂತ ನಾನೆಲ್ಲಿ ಹೇಳಿದೆ? ಸಹಿ ಹಾಗಿದೆ ಅಂದೆ.’

ಕೊತೆತ್ಸು 17ನೇ ಶತಮಾನದ ಹೆಸರಾಂತ ಕತ್ತಿ ಕಮ್ಮಾರ, ಮೊದಲು ಯುದ್ಧಕವಚ ಮಾಡುತ್ತಿದ್ದವನು. ಅವನ ಹೆಸರಿನಲ್ಲಿ ಬಂದಷ್ಟು ಕಳ್ಳ ಸಹಿ ಬೇರೆಯವರ ಹೆಸರಿನಲ್ಲಿ ಬಂದಿರುವುದು ಕಡಿಮೆ. ಶಿನ್‌ಸೆನ್‌ಗುಮಿ ಎಂಬ 19ನೇ ಶತಮಾನದ ಸಾಮುರಾಯ್ ಪಡೆಯ ನಾಯಕ ಕೊಂದೊ ಇಸಾಮಿ ಹೆಮ್ಮೆಯಿಂದ ಕಟ್ಟಿಕೊಂಡಿದ್ದ ಕೊತೆತ್ಸು ಕೂಡ ನಕಲಿ ಎಂಬ ಮಾತಿದೆ. ಜಪಾನಿನಲ್ಲೇ, ಆ ಕಾಲದಲ್ಲೇ ಹೀಗಿದ್ದರೆ ಇಂದಿನ ಹರಾಜಿನ ಪಾಡೇನು? ಕತ್ತಿ ನಿಜಕ್ಕೂ ಹಳೆಯದಾಗಿದ್ದು ಸಹಿ ಮಾತ್ರ ಸುಳ್ಳಾಗಿರುವುದೂ ಉಂಟು.

ಇನ್ನು ಆ ‘ಸರ್ಕಾರಿ ಪತ್ರ’. ಅದರ ಹೆಸರು ತೊರೊಕುಶೊ, ಜಪಾನಿನ ಪ್ರಾಂತ್ಯಗಳ ಶಿಕ್ಷಣ ಮಂಡಳಿ ಕೊಡುವ ನೋಂದಣಿ ಚೀಟಿ. ಉದ್ದ, ಬಾಗು, ಹಿಡಿಯ ಕೀಲು ಕೂರುವ ತೂತುಗಳ ಸಂಖ್ಯೆ, ಸಹಿ ಇದ್ದರೆ ಅದರ ಅಕ್ಷರ, ಇಷ್ಟು ಬರೆದಿರುತ್ತಾರೆ. ಸಹಿ ಅಸಲಿಯೇ ಎಂದು ಅದು ಹೇಳುವುದಿಲ್ಲ. ಕತ್ತಿ ದೇಶ ಬಿಡುವಾಗ ಚೀಟಿಯನ್ನು ವಾಪಸು ಕೊಡಬೇಕು, ಸಂಸ್ಕೃತಿ ಇಲಾಖೆಯಿಂದ ರಫ್ತಿಗೆ ಬೇರೆ ಪತ್ರ ಸಿಗುತ್ತದೆ. ಹಾಗಾದರೆ ಅಮೆರಿಕದಲ್ಲಿ ಕೂತ ಕತ್ತಿಗೆ ತೊರೊಕುಶೊ ಎಲ್ಲಿಂದ ಬಂತು? ಇನ್ನೂ ತಮಾಷೆ ನೋಡಿ: ಈ ಚೀಟಿಗಳು ಶುರುವಾದದ್ದೇ 1951ರ ಹೊತ್ತಿಗೆ. 1945ರಲ್ಲಿ ಸೈನಿಕನ ಚೀಲ ಸೇರಿದ ಕತ್ತಿಗೆ ಅದು ಅಂಟಿಕೊಂಡಿರಲು ಸಾಧ್ಯವೇ ಇಲ್ಲ.

ಟೇಪು ಹಿಡಿದು ಅಳೆಸಿದೆ. ಚೀಟಿಯಲ್ಲಿ ಜಪಾನಿ ಅಳತೆಯಲ್ಲಿ 2 ಶಾಕು 3 ಸುನ್, ಅಂದರೆ ಹೆಚ್ಚುಕಡಿಮೆ 69.7 ಸೆಂ.ಮೀ. ಅಲಗು 67 ಸೆಂ.ಮೀ. ಕೂಡ ಇರಲಿಲ್ಲ. ಚೀಟಿ ಇನ್ಯಾವುದೋ ಕತ್ತಿಯದು.

ಬಿದಿರಿನ ಕೀಲು ತೆಗೆದು ಹಿಡಿ ಬಿಚ್ಚಿದಾಗ ಉಳಿದದ್ದೂ ಬಯಲಾಯಿತು. ಹಿಡಿಯೊಳಗೆ ಕೂರುವ ಬುಡಕ್ಕೆ ನಕಾಗೊ ಅನ್ನುತ್ತಾರೆ, ಸಹಿ ಇರುವುದೂ ಅಲ್ಲೇ. ಹಳೆಯ ನಕಾಗೊ ತುಕ್ಕಿನಿಂದ ಕಡುಗಂದು, ಕೆಲವೊಮ್ಮೆ ಕಪ್ಪೇ ಆಗಿರುತ್ತದೆ. ಇದು ಕಿತ್ತಳೆ ಬಣ್ಣಕ್ಕಿತ್ತು, ಕೈಗೆ ಪುಡಿ ಹತ್ತಿತು. ಒಂದು ಕಡೆ ಉಜ್ಜಿ ಅಳಿಸಿದ ಮುದ್ರೆಯ ಗುರುತು. ಎರಡನೇ ಮಹಾಯುದ್ಧದ ಸಮಯದಲ್ಲಿ ಸೇನೆಗಾಗಿ ಸೆಕಿ ಊರಿನಲ್ಲಿ ರಾಶಿ ರಾಶಿ ತಯಾರಾದ ಕತ್ತಿಗಳ ಮೇಲೆ ಅಂಥ ಮುದ್ರೆ ಇರುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಮಾಡದ ಅಂಥ ಅಲಗನ್ನು ಜಪಾನಿನಲ್ಲಿ ನೋಂದಾಯಿಸುವುದೂ ಇಲ್ಲ. ಜಾಹೀರಾತಿನಲ್ಲಿ ಒರೆಯ ಫೋಟೋ, ಬಟ್ಟೆಯ ಫೋಟೋ ಬೇಕಾದಷ್ಟಿದ್ದವು, ನಕಾಗೊದ್ದು ಮಾತ್ರ ಒಂದೇ, ಅದೂ ಮಸುಕು. ಎರಡೂ ಬದಿಯ ಸ್ಪಷ್ಟ ಫೋಟೋ ಕೇಳಿ. ಕೊಡದಿದ್ದರೆ ಬಿಡ್ ಮಾಡಲೇಬೇಡಿ.

ಬೆಲೆ ತೆರುವಂಥ ಪತ್ರ ಬೇಕಿದ್ದರೆ ಜಪಾನಿ ಕತ್ತಿಗಳನ್ನು ಪರೀಕ್ಷಿಸಿ ಪತ್ರ ಕೊಡುವ, 1948ರಲ್ಲಿ ಹುಟ್ಟಿದ ಎನ್‌ಬಿಟಿಎಚ್‌ಕೆ ಸಂಸ್ಥೆಯ ಹೊಜೊನ್ (‘ಸಂರಕ್ಷಣೆಗೆ ಯೋಗ್ಯ’) ಅಥವಾ ಅದಕ್ಕೂ ಮೇಲಿನ ದರ್ಜೆಯದನ್ನು ಕೇಳಿ. 1982ಕ್ಕಿಂತ ಹಿಂದಿನ ಅವರ ಹಸಿರು, ಬಿಳಿ ಪತ್ರಗಳನ್ನು ಈಗ ಬಲ್ಲವರು ಕಣ್ಣುಮುಚ್ಚಿ ನಂಬುವುದಿಲ್ಲ.

ಇಷ್ಟಾದ ಮೇಲೂ ನಮ್ಮವನು, ‘ಇರಲಿ, ಆಯುಧಪೂಜೆಗೆ ಊರಿಗೆ ತರ್ತೀನಿ’ ಅನ್ನುತ್ತಿದ್ದಾನೆ. ಮಾರಾಯ, ಭಾರತಕ್ಕೆ ಕತ್ತಿ ತರಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಕಸ್ಟಮ್ಸ್‌ನವರು ಕೇಳುವುದು ಅದನ್ನೇ!