ಹುಣಸೆಹಣ್ಣಾ, ಸೋಡಾನಾ, ಬ್ಯಾಟರಿ ನೀರಾ? ಅಜ್ಜಿಯ ಡಬ್ಬಿಯ ಕಾಸುಗಳನ್ನು ತೊಳೆದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ತಾಮ್ರದ ಹಳೇ ಕಾಸು ತೊಳೆಯೋದಕ್ಕೆ ನನ್ನ ಓಟು ಡಿಸ್ಟಿಲ್ಡ್ ನೀರಿಗೆ. ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ನೀರು. ಇದು ಗೊತ್ತಾಗುವ ಹೊತ್ತಿಗೆ ಆನೆ ಚಿತ್ರದ ಒಂದು ಹಳೇ ಕಾಸು ನನ್ನ ಕೈಯಲ್ಲೇ ಹಾಳಾಗಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಮಂಡ್ಯದ ಹತ್ತಿರ ನಮ್ಮ ಊರಿನ ಮನೆಯ ಅಟ್ಟದಲ್ಲಿ ಅಜ್ಜಿಯ ಎಲೆ ಅಡಿಕೆ ಡಬ್ಬಿ ಸಿಕ್ಕಿತು. ಒಳಗೆ 31 ನಾಣ್ಯ. ಜಾಸ್ತಿ ಇದ್ದದ್ದು ಕಾಲಾಣೆಗಳು. ಐದು ತೂತಿನ ಕಾಸು, ಮೂರು ಬೆಳ್ಳಿ ರೂಪಾಯಿ. ಎಲ್ಲದರ ಅಡಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಎರಡು ತಾಮ್ರದ ಕಾಸು. ಒಂದು ಬದಿ ಆನೆ, ಮೇಲೆ 'ಶ್ರೀ'. ಇನ್ನೊಂದು ಬದಿ ಕನ್ನಡದಲ್ಲೇ 'ಮಯಿಲಿ ಕಾಸು' ಅಂತ ಬರೆದಿದೆ. ಎಲ್ಲವನ್ನೂ ಮೈಸೂರಿಗೆ ತಂದೆ.

ಅದು ಆಯುಧಪೂಜೆಯ ಹಿಂದಿನ ದಿನ. ಮನೆಯಲ್ಲಿ ದೀಪ, ತಂಬಿಗೆ ಎಲ್ಲ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದರು. ಅದೇ ಬಟ್ಟಲಿಗೆ ಒಂದು ಆನೆ ಕಾಸು ಹಾಕಿದೆ. ಹತ್ತು ನಿಮಿಷ ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿದೆ. ಕರೆಂಟ್ ವೈರ್ ಸುಲಿದಾಗ ಒಳಗಿನ ತಂತಿ ಇರುತ್ತದಲ್ಲ, ಆ ಬಣ್ಣ ಬಂತು. ಮನೆಯವರೆಲ್ಲ ಖುಷಿಪಟ್ಟರು. ನಾನೂ ಪಟ್ಟೆ.

ಬೆಳಿಗ್ಗೆ ಬಿಸಿಲಿನಲ್ಲಿ ಹಿಡಿದು ನೋಡಿದರೆ ಆನೆಯ ಸೊಂಡಿಲಿನ ಅಂಚು ಕರಗಿತ್ತು. ಮೈಮೇಲೆಲ್ಲ ಸಣ್ಣ ಸಣ್ಣ ಗುಂಡಿ. ತಾಮ್ರದ ಮೇಲೆ ಆ ಕಂದು ಪದರ ಕೂರೋದಕ್ಕೆ ಎಷ್ಟೋ ವರ್ಷ ಬೇಕು. ಅದು ಕೊಳೆ ಅಲ್ಲ, ತಾಮ್ರವೇ ಗಾಳಿ ಸೇರಿ ಆದ ಪದರ. ಅಕ್ಷರದ ಅಂಚು ನಿಂತಿರೋದೂ ಎಷ್ಟೋ ಕಡೆ ಅದರಲ್ಲೇ. ಹುಳಿ ಅದನ್ನೇ ತಿಂದುಹಾಕುತ್ತದೆ. ತಂಬಿಗೆ ದಪ್ಪ ಇರುತ್ತದೆ, ಎಷ್ಟು ಸಲ ಉಜ್ಜಿದರೂ ತಡೆಯುತ್ತದೆ. ಕಾಸಿನ ಅಕ್ಷರ ಕೂದಲೆಳೆಯಷ್ಟು ಎತ್ತರ, ಅಷ್ಟೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರ ಬಿಟ್ಟು ಡಬ್ಬಿ ತೆಗೆದರೆ 'ಮಯಿಲಿ' ಅಕ್ಷರಗಳ ಸಂದಿಯಲ್ಲಿ ತಿಳಿಹಸಿರು ಪುಡಿ. ಉಗುರು ತಾಗಿಸಿದರೆ ಉದುರುತ್ತಿತ್ತು. ಹಳೇ ಕಿಲುಬು ಹೀಗಿರೋಲ್ಲ. ಅದು ಕಡುಹಸಿರು, ಗಟ್ಟಿ, ಕಾಸಿಗೇ ಅಂಟಿಕೊಂಡಿರುತ್ತದೆ. ಈ ಪುಡಿ ಕಿಲುಬಿಗೆ ಕಾರಣ ನಾನು ಹಾಕಿದ ಉಪ್ಪು. ಉಪ್ಪಿನ ಕ್ಲೋರೈಡ್ ಸಂದಿಯಲ್ಲಿ ಉಳಿದು, ಮಳೆಗಾಲದ ತೇವ ಸೇರಿ, ತಾಮ್ರವನ್ನು ಒಳಗಿಂದಲೇ ಕೊರೆಯುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ತಾನಾಗಿ ನಿಲ್ಲೋದಿಲ್ಲ. ಪುಡಿ ತೆಗೆದು ಎರಡು ತಿಂಗಳು ನೀರು ಬದಲಿಸಿ ಬದಲಿಸಿ ನೆನೆಸಿ, ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇನೆ. ಸದ್ಯಕ್ಕೆ ಪುಡಿ ಮತ್ತೆ ಬಂದಿಲ್ಲ. ಈಗಲೂ ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ.

ಎರಡೂ ಕಾಸುಗಳನ್ನು ಹಳೇ ನಾಣ್ಯ ಕೊಳ್ಳುವವರೊಬ್ಬರಿಗೆ ತೋರಿಸಿದೆ. ಅವರು ಕೇಳಿದ ಮೊದಲ ಮಾತೇ "ಇದನ್ನ ತೊಳೆದ್ರಾ?" ತೊಳೆಯದ ಕಾಸಿಗೆ ಹೇಳಿದ ಬೆಲೆಯ ಕಾಲು ಭಾಗವನ್ನೂ ಇದಕ್ಕೆ ಹೇಳಲಿಲ್ಲ. ನಾನು ಮಾರೋದಕ್ಕೆ ಹೋಗಿರಲಿಲ್ಲ, ಆದರೂ ಮನಸ್ಸಿಗೆ ನಾಟಿತು.

ನಿಂಬೆಹಣ್ಣು, ವಿನೆಗರ್, ಕೋಲಾ ಎಲ್ಲವೂ ಹುಳಿಯೇ, ಆಗುವ ಹಾನಿಯೂ ಅದೇ. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ. ಒಂದು ಕಾಲಾಣೆಯಲ್ಲಿ ನೋಡಿ ಸಾಕಾಯಿತು.

ಬೆಳ್ಳಿಗೆ ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆ ಹಾಕಿ ನೋಡಿದೆ. ಬಿಸಿನೀರಿನಲ್ಲಿ ಹಾಳೆಗೆ ನಾಣ್ಯ ತಾಗಿರಬೇಕು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಪ್ಪು ಎರಡೇ ನಿಮಿಷಕ್ಕೆ ಹೋಗುತ್ತದೆ. ಬೆಳ್ಳಿಯೂ ಸವೆಯೋಲ್ಲ. ಕಾಲುಗೆಜ್ಜೆಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಆದರೆ ನಾಣ್ಯದಲ್ಲಿ ರಾಜನ ಗಡ್ಡದ ಎಳೆ ಎದ್ದು ಕಾಣುತ್ತಿದ್ದದ್ದೇ ಆ ಕಪ್ಪಿನಿಂದ. ಅದು ಹೋದ ಮೇಲೆ ಮುಖ ಸುಣ್ಣ ಬಳಿದ ಗೋಡೆಯಾಯಿತು. ಮಿಕ್ಕ ಎರಡು ರೂಪಾಯಿಗಳನ್ನು ಮುಟ್ಟಲಿಲ್ಲ.

ಎಣ್ಣೆಯಲ್ಲಿ ನೆನೆಸೋದೂ ಒಂದು ದಾರಿ. ನಾನು ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಹಾಕಿದೆ. ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ ಕಾಸು ಒಳಗೇ ಕೂತುಬಿಟ್ಟಿತು. ಆಲಿವ್ ಎಣ್ಣೆ ನನ್ನ ಜೇಬಿಗೆ ದುಬಾರಿ. ಕೊನೆಗೆ ಜಿಡ್ಡು ತೆಗೆಯೋದು ಇನ್ನೊಂದು ಕೆಲಸ.

ಈಗ ನನ್ನ ನೀರಿನ ವಿಷಯ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನು ತಂದೆ. ಆಸಿಡ್ಡೂ ಅಲ್ಲೇ ಮಾರುತ್ತಾರೆ, ಕ್ಯಾನಿನ ಮೇಲೆ ಏನು ಬರೆದಿದೆ ಅಂತ ಓದಿ ತನ್ನಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮೂರ ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಎರಡೂ ಬೇಡ.

ಉಪ್ಪಿನಕಾಯಿ ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು ಎರಡನೇ ಆನೆ ಕಾಸು ಹಾಕಿದೆ. ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುವಾಗ ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದೆ. ಮೊದಲ ಸಲ ನೀರು ತೆಳು ಚಹಾದ ಬಣ್ಣ. ನಾಲ್ಕನೇ ವಾರ ಮಣ್ಣು ಮೆತ್ತಗಾಯಿತು. ಆಮೇಲೆ ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ನೀರಲ್ಲಿ ನೆನೆಸಿ, ಭೂತಗನ್ನಡಿ ಇಟ್ಟು, ದಿನಾ ರಾತ್ರಿ ಹದಿನೈದು ನಿಮಿಷ. ಕೆದಕೋದಲ್ಲ, ಸುಮ್ನೆ ತಳ್ಳೋದು. ಮೂರನೇ ರಾತ್ರಿ 'ಶ್ರೀ' ಪಕ್ಕದ ಮಣ್ಣಿನ ಹೆಕ್ಕಳ ಒಂದೇ ತುಂಡಾಗಿ ಎದ್ದು ಬಂತು. ಅಡಿಯಲ್ಲಿ ಪುಟ್ಟ ಚಂದ್ರ. ಇನ್ನೊಂದು ಪಕ್ಕ ಸೂರ್ಯ. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಒರೆಸುವಾಗ ಉಜ್ಜಬೇಡಿ, ಹತ್ತಿ ಬಟ್ಟೆ ಒತ್ತಿದರೆ ಸಾಕು. ಫ್ಯಾನ್ ಕೆಳಗೆ ಒಂದು ದಿನ ಬಿಡಿ. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ಅದೂ ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ.

ನಾಳೆಯೇ ಹೊಳೆಯಬೇಕು ಅನ್ನುವವರಿಗೆ ಈ ನೀರು ಆಗಿಬರೋಲ್ಲ. ತಾಮ್ರಕ್ಕೆ ಮಿಂಚೂ ಬರೋಲ್ಲ. ನನಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ, ಖರ್ಚು ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ, ಹಾಗಾಗಿ ಹೊಂದಿತು. ಬಾಟಲಿಯಲ್ಲಿ ಈಗ ಆರು ಕಾಲಾಣೆ ನೆನೆಯುತ್ತಿವೆ. ನಾಳೆ ಅವುಗಳ ನೀರು ಬದಲಿಸಬೇಕು.