ಆಫೀಸ್ ಸ್ಟ್ರೆಸ್ ಕಮ್ಮಿ ಮಾಡೋ ಆರು ತಿಂಗಳ ಪ್ರೋಗ್ರಾಂ: ಆ್ಯಪ್‌ಗೆ ಒಂದು ಸ್ಟಾರ್, ಕೋಚ್‌ಗೆ ಐದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಇದಕ್ಕೆ ಸೇರಿದ್ದು ಇಷ್ಟಪಟ್ಟೇನಲ್ಲ. ನಮ್ಮ ಟೀಮಲ್ಲಿ ಒಂದೇ ವರ್ಷದಲ್ಲಿ ಮೂರು ಜನ ಪೇಪರ್ ಹಾಕಿದ್ರು, ಉಳಿದ ಎಂಟು ಜನದಲ್ಲಿ ಇಬ್ರು ಯಾವಾಗ ನೋಡಿದ್ರೂ ಸಿಕ್ ಲೀವ್, ಕೊನೆಗೆ ಎಚ್‌ಆರ್‌ನವರು ಹೊರಗಿನ ಒಂದು ಕಂಪನಿಯಿಂದ ಆರು ತಿಂಗಳ ಪ್ಯಾಕೇಜ್ ತಗೊಂಡ್ರು. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಬೈದಿದ್ದೂ ಇದೆ, ಮತ್ತೆ ಇಂಥದ್ದನ್ನ ಮಾರೋರೆಲ್ಲ ಹೆಚ್ಚುಕಮ್ಮಿ ಇದೇ ನಾಲ್ಕು ಐಟಂ ಇಟ್ಕೊಂಡಿರ್ತಾರೆ: ಒಂದು ದಿನದ ವರ್ಕ್‌ಶಾಪ್, ಒಂದು ಆ್ಯಪ್, ಒಂದು ಸರ್ವೆ, ಆಮೇಲೆ ಲೀಡ್‌ಗಳಿಗೆ ಕೋಚಿಂಗ್. ನಾನು ಆ ಟೀಮಿನ ಲೀಡ್, ಹಾಗಾಗಿ ನಾಲ್ಕೂ ನೋಡಿದೀನಿ.

ವರ್ಕ್‌ಶಾಪ್ ಇಟ್ಟಿದ್ದು ಶನಿವಾರ. ಹೌದು, ಸ್ಟ್ರೆಸ್ ಕಮ್ಮಿ ಮಾಡೋಕೆ ರಜಾ ದಿನ ಕಿತ್ಕೊಂಡ್ರು. ಅದೇ ವರ್ಕ್‌ಶಾಪಲ್ಲಿ ಒಂದು ಸ್ಲೈಡ್ ಬಂತು, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲ್ಸ ಮಾಡೋರಿಗೆ 35ರಿಂದ 40 ಗಂಟೆ ಮಾಡೋರಿಗಿಂತ ಸ್ಟ್ರೋಕ್ ಆಗೋ ಅಪಾಯ ಸುಮಾರು 35% ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯೋ ಅಪಾಯ 17% ಜಾಸ್ತಿ ಅಂತ. ಇದು ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಮತ್ತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಕೊಟ್ಟ ಲೆಕ್ಕ, ಸುಳ್ಳಲ್ಲ. ಆದ್ರೆ ಅದನ್ನ ಶನಿವಾರ ಬೆಳಿಗ್ಗೆ ಆಫೀಸಲ್ಲೇ ಕೂರಿಸ್ಕೊಂಡು ತೋರಿಸ್ತಿದಾರೆ ಅನ್ನೋದು ಯಾರಿಗೂ ವಿಚಿತ್ರ ಅನ್ನಿಸ್ಲಿಲ್ಲ, ಹಿಂದಿನ ಸಾಲಿನೋರು ಮಾತ್ರ ಕಿಸಕ್ ಅಂತ ನಕ್ರು.

ಟ್ರೇನರ್ ಮಾತಾಡೋದು ಚೆನ್ನಾಗಿತ್ತು, ಉಸಿರಾಟದ ಎಕ್ಸರ್ಸೈಜೂ ಹಿತವಾಗಿತ್ತು, ಅದಕ್ಕೆ ಕೊಂಕು ಆಡಲ್ಲ. ಆದ್ರೆ ಬೆಳಿಗ್ಗೆ ಒಂದು ಮಾತು ಮಧ್ಯಾಹ್ನ ಇನ್ನೊಂದು. ಬೆಳಿಗ್ಗೆ ಹೇಳಿದ್ರು, 2019ರಲ್ಲಿ ಡಬ್ಲ್ಯುಎಚ್‌ಒ ಐಸಿಡಿ-11 ಅನ್ನೋ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬರ್ನೌಟ್‌ನ, ಅಂದ್ರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿದು ಹೋಗೋದನ್ನ, ಕಾಯಿಲೆ ಅಂತ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಸೇರಿಸಿದೆ, ಮೈಯಲ್ಲಿ ಶಕ್ತಿನೇ ಇಲ್ದಿರೋದು, ಕೆಲಸದ ಮೇಲೆ ಜಿಗುಪ್ಸೆ ಬಂದು ದೂರ ಆಗೋದು, ನನ್ನಿಂದ ಏನೂ ಆಗ್ತಿಲ್ಲ ಅನ್ನಿಸೋದು, ಈ ಮೂರು ಅದರ ಗುರುತು ಅಂತ. ಸರಿ, ಅಂದ್ಮೇಲೆ ತೊಂದರೆ ಇರೋದು ಕೆಲಸದಲ್ಲಿ ತಾನೇ? ಮಧ್ಯಾಹ್ನ ಊಟ ಆದ್ಮೇಲೆ ಪೂರ್ತಿ ಬರೀ ಬೇಗ ಮಲಗಿ, ನೀರು ಕುಡೀರಿ, ಪಾಸಿಟಿವ್ ಆಗಿರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎರಡು ಸ್ಟಾರ್.

ಆ್ಯಪ್ ಬಗ್ಗೆ ಜಾಸ್ತಿ ಬರೆಯೋಕೆ ಏನಿಲ್ಲ. ರಿಲೀಸ್ ಕಾಲ್ ಮಧ್ಯದಲ್ಲಿ, ಎಲ್ಲರ ತಲೆ ಬಿಸಿ ಆಗಿರೋವಾಗ, "ಒಂದು ನಿಮಿಷ ಕಣ್ಮುಚ್ಚಿ" ಅಂತ ನೋಟಿಫಿಕೇಶನ್. ಅದೂ ಸಾಲದು ಅಂತ ಲೀಡರ್‌ಬೋರ್ಡ್ ಬೇರೆ, ಯಾರು ಎಷ್ಟು ದಿನ ತಪ್ಪದೇ ಧ್ಯಾನ ಮಾಡಿದ್ರು ಅಂತ! ನೆಮ್ಮದಿಲೂ ರ‍್ಯಾಂಕ್ ಬರಬೇಕಂತೆ. ಮೂರನೇ ವಾರಕ್ಕೆ ಅದನ್ನ ಓಪನ್ ಮಾಡ್ತಿದ್ದಿದ್ದು ಟೀಮಲ್ಲಿ ಒಬ್ರೇ, ಅವರು ಮೊದ್ಲಿಂದಾನೂ ಆರಾಮಾಗೇ ಇದ್ದೋರು. ಬ್ರಿಟನ್ನಲ್ಲಿ 233 ಸಂಸ್ಥೆಗಳ 46,336 ನೌಕರರ ಮೇಲೆ ವಿಲಿಯಂ ಫ್ಲೆಮಿಂಗ್ ಅನ್ನೋರು ಮಾಡಿದ ಅಧ್ಯಯನ 2024ರಲ್ಲಿ ಬಂತು, ಆ್ಯಪು, ರೆಸಿಲಿಯನ್ಸ್ ಟ್ರೇನಿಂಗು (ಒತ್ತಡ ತಡ್ಕೊಳೋದು ಕಲಿಸೋದು), ಮೈಂಡ್‌ಫುಲ್‌ನೆಸ್ಸು (ಧ್ಯಾನದ ಥರದ ಅಭ್ಯಾಸ) ಇವನ್ನೆಲ್ಲ ತಗೊಂಡೋರು ತಗೊಳ್ದೇ ಇದ್ದೋರಿಗಿಂತ ಚೆನ್ನಾಗಿದಾರೆ ಅಂತ ಅದ್ರಲ್ಲಿ ಕಂಡಿಲ್ಲ. ಒಂದೇ ಹೊತ್ತಿನ ಸರ್ವೆ ನೋಡಿ ಹಾಕಿದ ಲೆಕ್ಕ ಅದು, ಅದೇ ಕೊನೇ ಮಾತು ಅಂತಲ್ಲ, ಆದ್ರೂ ನಮ್ಮಲ್ಲಿ ಆಗಿದ್ದೂ ಅದೇನೆ. ಒಂದು ಸ್ಟಾರ್, ಅದೂ ಮಳೆ ಸದ್ದಿನ ಆಡಿಯೋಗೆ, ಅದನ್ನ ಹಾಕ್ಕೊಂಡ್ರೆ ನಿದ್ದೆ ಬರುತ್ತೆ.

ಇನ್ನು ಸರ್ವೆ. ಇಲ್ಲಿಂದ ಕಥೆ ಸ್ವಲ್ಪ ಸೀರಿಯಸ್ ಆಯ್ತು. 35 ಪ್ರಶ್ನೆ, ಬ್ರಿಟನ್ನಿನ ಎಚ್‌ಎಸ್‌ಇ ಅನ್ನೋ ಸರ್ಕಾರಿ ಸಂಸ್ಥೆ 2004ರಲ್ಲಿ ತಂದ ಮಾನದಂಡದ ಮೇಲೆ ಮಾಡಿದ್ದು. ಕೆಲಸದ ಹೊರೆ ಎಷ್ಟಿದೆ, ಆ ಕೆಲಸದ ಮೇಲೆ ನಿಮ್ಮ ಹಿಡಿತ ಎಷ್ಟಿದೆ, ಬೆಂಬಲ ಸಿಗುತ್ತಾ, ಸಂಬಂಧಗಳು ಹೇಗಿವೆ, ನಿಮ್ಮ ಪಾತ್ರ ಏನು ಅಂತ ಸ್ಪಷ್ಟ ಇದೆಯಾ, ಬದಲಾವಣೆ ಬಂದಾಗ ಮೊದ್ಲೇ ಹೇಳ್ತಾರಾ, ಹೀಗೆ ಆರು ತಲೆಬರಹ. ಹೆಸರು ಹೊರಗೆ ಬರಲ್ಲ ಅಂದಿದ್ರು, ಆದ್ರೆ ಮೊದಲ ರಿಪೋರ್ಟಲ್ಲಿ ವಯಸ್ಸು, ಅನುಭವ ಅಂತ ಒಡೆದು ಹಾಕ್ಬಿಟ್ಟಿದ್ರು, ಎಂಟು ಜನ ಇರೋ ಟೀಮಲ್ಲಿ "ಹತ್ತು ವರ್ಷಕ್ಕಿಂತ ಜಾಸ್ತಿ ಅನುಭವ" ಅಂದ್ರೆ ಅದು ಯಾರು ಅಂತ ವಾಚ್‌ಮ್ಯಾನೂ ಹೇಳ್ತಾನೆ. ಜಗಳ ಆಡಿದ್ಮೇಲೆ ತೆಗೆದ್ರು. ನೀವು ಇಂಥದ್ದು ತಗೊಳ್ತಿದ್ರೆ ರಿಪೋರ್ಟನ್ನ ಹೇಗೆ ಒಡೀತಾರೆ ಅನ್ನೋದನ್ನ ಸರ್ವೆಗೆ ಮುಂಚೇನೇ ಕೇಳ್ಕೊಳಿ, ಒಂದ್ಸಲ ನಂಬಿಕೆ ಹೋದ್ರೆ ಆಮೇಲೆ ಯಾರೂ ನಿಜ ಬರೆಯಲ್ಲ.

ನಾನು ಅಂದ್ಕೊಂಡಿದ್ದು ಹೊರೆ ಜಾಸ್ತಿ ಅಂತ ಬರುತ್ತೆ, ಇನ್ನೊಬ್ರನ್ನ ತಗೊಳಿ ಅಂತ ಮೇಲಿನೋರಿಗೆ ಹೇಳಬಹುದು ಅಂತ. ಬಂದಿದ್ದು ಬೇರೆ. ಹೊರೆ ಮೂರನೇ ಸ್ಥಾನ, ಎಲ್ಲಕ್ಕಿಂತ ಕೆಟ್ಟ ಅಂಕ ಹಿಡಿತಕ್ಕೆ, ಐದಕ್ಕೆ 2.4. ಅಂದ್ರೆ ಯಾವ ಕೆಲ್ಸ ಯಾವಾಗ ಮಾಡಬೇಕು ಅನ್ನೋದು ಅವರ ಕೈಲಿ ಇಲ್ವೇ ಇಲ್ಲ. ಕೊನೇಲಿ ಒಂದು ಖಾಲಿ ಬಾಕ್ಸ್ ಇತ್ತು, ನಿಮ್ಮ ದಿನ ಕೆಡಿಸೋ ಒಂದು ಮಾತು ಬರೀರಿ ಅಂತ. ಎಂಟರಲ್ಲಿ ಐದು ಜನ ಒಂದೇ ಮಾತು ಬರ್ದಿದ್ರು: "ಒಂದ್ ಚಿಕ್ ಕೆಲ್ಸ ಇತ್ತು."

ಅದು ನನ್ನ ಮಾತು. ನಮ್ಮ ಆಫೀಸಲ್ಲಿ ಆ ಮಾತನ್ನ ಆ ಥರ ಹೇಳೋದು ನಾನೊಬ್ನೇ. ಮೊದ್ಲು ನಗು ಬಂತು, ಆಮೇಲೆ ಆ ರಾತ್ರಿ ನಿದ್ದೆ ಬರ್ಲಿಲ್ಲ, ಮಳೆ ಆಡಿಯೋನೂ ಕೆಲಸಕ್ಕೆ ಬರ್ಲಿಲ್ಲ.

ಕೋಚ್ ಜೊತೆ ಹದಿನೈದು ದಿನಕ್ಕೊಂದ್ಸಲ 45 ನಿಮಿಷ. ಅವರು ಸಮಾಧಾನ ಹೇಳೋಕೆ ಹೋಗ್ಲಿಲ್ಲ, ಬೈಲೂ ಇಲ್ಲ, ಹತ್ತು ವರ್ಕಿಂಗ್ ಡೇಲಿ ನೀವು ಕೊಡೋ ಚಿಕ್ಕ ಕೆಲಸಗಳನ್ನ ಬರೆದಿಡಿ ಅಷ್ಟೇ ಅಂದ್ರು. 41 ಆಯ್ತು. ಅದ್ರಲ್ಲಿ 23 ಯಾರಿಗೋಸ್ಕರ ಕೇಳಿದೆ ಅಂತ ನನಗೇ ನೆನಪಿರ್ಲಿಲ್ಲ. ಆಮೇಲೆ ಅವರು 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋರು ಹೇಳಿದ್ದನ್ನ ವಿವರಿಸಿದ್ರು, ಬರೀ ಕೆಲಸ ಜಾಸ್ತಿ ಇರೋದಲ್ಲ, ಕೆಲಸ ಜಾಸ್ತಿ ಇದ್ದು ನಿರ್ಧಾರ ತಗೊಳೋ ಅಧಿಕಾರ ಕಮ್ಮಿ ಇರೋ ಕಡೆನೇ ಮನುಷ್ಯ ಹೆಚ್ಚು ಸವೆಯೋದು ಅಂತ. ನಾನು ಅಲ್ಲೀತನಕ ಮೇಲೆ ಕೂತಿರೋ ಸಾಹೇಬ್ರಿಗೇ ಟೆನ್ಷನ್ ಜಾಸ್ತಿ, ಹಾರ್ಟ್ ಪ್ರಾಬ್ಲಂ ಅವರಿಗೇ ಬರೋದು ಅಂದ್ಕೊಂಡಿದ್ದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ ಕಂಡಿದ್ದು ಇದರ ಉಲ್ಟಾ ಅಂತೆ, ಕೆಳಗಿನ ದರ್ಜೆಯವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದು, ಸಿಗರೇಟು ಬಿಪಿ ಎಲ್ಲ ಲೆಕ್ಕಕ್ಕೆ ತಗೊಂಡ್ರೂ ವ್ಯತ್ಯಾಸ ಪೂರ್ತಿ ಹೋಗ್ಲಿಲ್ಲವಂತೆ.

ನಾವು ಮಾಡಿದ ಬದಲಾವಣೆ ಎರಡೇ. ಚಿಕ್ಕ ಕೆಲಸ ಏನೇ ಇರ್ಲಿ ಬೋರ್ಡ್ ಮೇಲೆ ಹಾಕೋದು, ಯಾವಾಗ ಬೇಕು ಯಾಕೆ ಬೇಕು ಅಂತ ಒಂದು ಸಾಲು ಬರೆಯೋದು, ಯಾರು ಮಾಡ್ತಾರೆ ಅನ್ನೋದನ್ನ ಅವರವರೇ ಮಾತಾಡ್ಕೊಳೋದು. ಬರೆಯೋಕೆ ಹೋದ್ರೆ ಅರ್ಧ ಕೆಲಸಗಳು ಬೇಕಾಗೇ ಇಲ್ಲ ಅಂತ ನನಗೇ ಗೊತ್ತಾಗ್ತಿತ್ತು. ಎರಡನೇದು ರಾತ್ರಿ ಮೆಸೇಜ್ ನಿಲ್ಲಿಸೋದು. ಇದ್ರಲ್ಲಿ ನಾನು ಬುದ್ಧಿವಂತಿಕೆ ಮಾಡೋಕೆ ಹೋಗಿ ಎಲ್ಲಾ ಮೆಸೇಜನ್ನ ಬೆಳಿಗ್ಗೆ 9ಕ್ಕೆ ಶೆಡ್ಯೂಲ್ ಮಾಡಿಟ್ಟೆ, ಪಾಪ ಅವರು ಲ್ಯಾಪ್‌ಟಾಪ್ ತೆಗೆದ ತಕ್ಷಣ ಟಣ್ ಟಣ್ ಅಂತ ಹದಿನಾಲ್ಕು ಮೆಸೇಜ್, ರಾತ್ರಿದೇ ಪರವಾಗಿರ್ಲಿಲ್ಲ ಸರ್ ಅಂದ್ರು ಒಬ್ರು. ಈಗ ಎಲ್ಲ ಒಂದೇ ಮೆಸೇಜಲ್ಲಿ ಬರೆದು ಕಳಿಸ್ತೀನಿ.

ಮೂರನೇ ತಿಂಗಳು ಒಂದು ಗಾಬರಿ ಆಯ್ತು. ಟೀಮಲ್ಲಿ "ಇದು ನನ್ನಿಂದ ತಪ್ಪಾಗಿದೆ" ಅಂತ ರಿಪೋರ್ಟ್ ಆಗೋ ಸಂಖ್ಯೆ ಹೆಚ್ಚುಕಮ್ಮಿ ಡಬಲ್. ನಮ್ಮ ಮ್ಯಾನೇಜರ್ ನನ್ನನ್ನ ಕರೆದು ಏನ್ರೀ ಇದು ಸ್ಟ್ರೆಸ್ ಕಮ್ಮಿ ಮಾಡಿ ಅಂದ್ರೆ ಕೆಲಸಾನೇ ಸಡಿಲ ಬಿಟ್ರಾ ಅಂದ್ರು. ಕೋಚ್‌ಗೆ ಹೇಳಿದ್ರೆ ಅವರು ಖುಷಿಪಟ್ರು! ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದಾಗ ಒಳ್ಳೆ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತಂತೆ, ಆಮೇಲೆ ನೋಡಿದ್ರೆ ಅವರು ತಪ್ಪು ಜಾಸ್ತಿ ಮಾಡ್ತಿರ್ಲಿಲ್ಲ, ಮುಚ್ಚಿಡ್ತಿರ್ಲಿಲ್ಲ ಅಷ್ಟೇ. ಅದರ ಮುಂದುವರಿಕೆಯಾಗಿ 1999ರಲ್ಲಿ ಅವರು ಸೈಕಲಾಜಿಕಲ್ ಸೇಫ್ಟಿ, ಅಂದ್ರೆ ಟೀಮಲ್ಲಿ ತಪ್ಪನ್ನ ಹೆದರದೇ ಹೇಳ್ಕೊಳೋ ವಾತಾವರಣದ ಬಗ್ಗೆ ಬರೆದ ಪೇಪರ್ ಇವತ್ತಿಗೂ ಎಲ್ಲಾ ಕಡೆ ಓಡಾಡುತ್ತೆ. ಇದನ್ನ ಮ್ಯಾನೇಜರ್‌ಗೆ ಹೇಳಿದೆ, ಅವರು ಹೂಂ ಅಂದ್ರು, ಒಪ್ಪಿದ್ರೋ ಇಲ್ವೋ ದೇವರಿಗೇ ಗೊತ್ತು. ಆದ್ರೆ ತಪ್ಪುಗಳು ಈಗ ಬೇಗ ಗೊತ್ತಾಗ್ತಿವೆ, ಕಸ್ಟಮರ್ ಹೇಳೋಕೆ ಮುಂಚೆ ನಮಗೇ ಗೊತ್ತಾಗ್ತಿವೆ.

ಕೋಚ್ ಬಗ್ಗೆ ಇನ್ನೊಂದು ಹೇಳಲೇಬೇಕು. ಸಿಕ್ ಲೀವಲ್ಲಿದ್ದ ಇಬ್ಬರಲ್ಲಿ ಒಬ್ಬರ ಜೊತೆ ಎರಡು ಸಲ ಮಾತಾಡಿ, ಇದು ನನ್ನ ಕೈಲಿ ಆಗೋದಲ್ಲ, ಡಾಕ್ಟರ್ ಹತ್ರ ಹೋಗಬೇಕು ಅಂತ ನೇರವಾಗಿ ಹೇಳಿ, ಅವರೇ ಕೂತು ಅಪಾಯಿಂಟ್ಮೆಂಟ್ ಮಾಡಿಸಿಕೊಟ್ರು. ಎಲ್ಲಾ ನಾವೇ ವಾಸಿ ಮಾಡ್ತೀವಿ ಅನ್ನೋರ ಮಧ್ಯೆ ಇದು ದೊಡ್ಡದು.

ಸೋತಿದ್ದು ಎಲ್ಲಿ ಅಂದ್ರೆ ಮೇಲಿನವರ ವಿಷಯದಲ್ಲಿ. ನನಗೆ ಚಿಕ್ಕ ಕೆಲಸ ಬರೋದು ನನ್ನ ಮೇಲಿನೋರಿಂದ, ಅವರಿಗೆ ಅವರ ಮೇಲಿನೋರಿಂದ. ಅವರಿಗೆ ಈ ಪ್ಯಾಕೇಜಲ್ಲಿ ಇದ್ದಿದ್ದು ಒಂದು ಗಂಟೆಯ ಭಾಷಣ, ಅದಕ್ಕೂ ಅರ್ಧ ಜನ ಬರ್ಲಿಲ್ಲ. ಡಬ್ಲ್ಯುಎಚ್‌ಒ 2022ರ ಮಾರ್ಗಸೂಚಿಯಲ್ಲಿ ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ, ಕೆಲಸದ ವ್ಯವಸ್ಥೆನೇ ಸರಿ ಮಾಡಿ ಅಂತಿದೆ, ಇವರ ಬ್ರೋಷರಲ್ಲಿ ಅದು ಎಲ್ಲೂ ಇಲ್ಲ, ಬದಲು "ಸ್ಟ್ರೆಸ್‌ನಿಂದ ಪ್ರಪಂಚದಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನ ನಷ್ಟ" ಅಂತ ದೊಡ್ಡದಾಗಿ ಹಾಕಿದಾರೆ. ಆ ಅಂದಾಜು ಡಿಪ್ರೆಶನ್ ಮತ್ತು ಆ್ಯಂಗ್ಸೈಟಿ ಬಗ್ಗೆ ಸ್ವಾಮಿ, ಎಲ್ಲಾ ಸ್ಟ್ರೆಸ್ ಬಗ್ಗೆ ಅಲ್ಲ.

ಆರು ತಿಂಗಳಾದ್ಮೇಲೆ ಅದೇ ಸರ್ವೆ ಮತ್ತೆ ಮಾಡಿದ್ರು, ಹಿಡಿತ 2.4ರಿಂದ 3.3ಕ್ಕೆ ಬಂತು. ಹೊರೆ ಇದ್ದಲ್ಲೇ ಇದೆ, ಅದು ಆ್ಯಪಿಂದ್ಲೂ ಇಳಿಯಲ್ಲ ಕೋಚಿಂದ್ಲೂ ಇಳಿಯಲ್ಲ, ಅದಕ್ಕೆ ಜನ ಬೇಕು. ಈ ಆರು ತಿಂಗಳಲ್ಲಿ ಯಾರೂ ಬಿಟ್ಟಿಲ್ಲ, ಆದ್ರೆ ಎಂಟು ಜನದ ಆರು ತಿಂಗಳು ನೋಡಿ ಜೈ ಅನ್ನೋಕಾಗಲ್ಲ.

ತಗೋಬಹುದಾ ಅಂದ್ರೆ, ಸರ್ವೆ ಮತ್ತೆ ಕೋಚಿಂಗ್ ಮಾತ್ರ ಬಿಡಿಯಾಗಿ ಕೊಡ್ತಾರಾ ಕೇಳಿ, ಕೊಟ್ರೆ ಕಣ್ಮುಚ್ಕೊಂಡು ತಗೊಳಿ, ಕೋಚಿಂಗಲ್ಲಿ ನಿಮ್ಮ ಮೇಲಿನೋರನ್ನೂ ಸೇರಿಸಿ. ಪೂರ್ತಿ ಪ್ಯಾಕೇಜೇ ಬೇಕು ಅಂದ್ರೆ ವರ್ಕ್‌ಶಾಪ್ ವಾರದ ಮಧ್ಯೆ ಇಡಿಸಿ. ನಮ್ಮ ಎಚ್‌ಆರ್‌ನವರು ಮುಂದಿನ ವರ್ಷಕ್ಕೆ ಖರ್ಚು ಕಮ್ಮಿ ಆಗುತ್ತೆ ಅಂತ ಕೋಚಿಂಗ್ ತೆಗೆದು ಆ್ಯಪ್ ಮಾತ್ರ ಇಟ್ಕೊಳೋಣ ಅಂತಿದಾರೆ, ಈ ರಿವ್ಯೂನೇ ಸ್ವಲ್ಪ ಸಭ್ಯ ಮಾಡಿ ಅವರಿಗೂ ಮೇಲ್ ಹಾಕಿದೀನಿ. ನಾಲ್ಕು ದಿನ ಆಯ್ತು, ಉತ್ತರ ಇಲ್ಲ.